ಹಳೇ ಡಾಡ್ಜ್ ಕ್ಯಾರವಾನ್‌ನಲ್ಲಿ (1996–2000) ಏರು ಬಂದ ಕೂಡಲೇ ಕ್ರೂಸ್ ಕಂಟ್ರೋಲ್ (ಪೆಡಲ್ ಒತ್ತದೆಯೇ ಒಂದೇ ವೇಗ ಕಾಯುವ ವ್ಯವಸ್ಥೆ) ವೇಗ ಬಿಟ್ಟುಬಿಡುತ್ತದೆ, ಯಾಕೆ?

ಮೊದಲ ಅನುಮಾನ ವ್ಯಾಕ್ಯೂಮ್ ಸೋರಿಕೆಯ ಮೇಲೆ. ಈ ವ್ಯಾನ್‌ಗಳಲ್ಲಿ ಕ್ರೂಸ್ ನಡೆಸುವುದು ಕರೆಂಟ್ ಮೋಟಾರಲ್ಲ. ಇಂಜಿನ್ ಗಾಳಿ ಹೀರುವಾಗ ಹುಟ್ಟುವ ಸೆಳೆತವೇ, ಅಂದರೆ ವ್ಯಾಕ್ಯೂಮೇ, ಸರ್ವೋ ಅನ್ನುವ ಡಬ್ಬಿಯೊಳಗಿನ ರಬ್ಬರ್ ಪೊರೆಯನ್ನು ಎಳೆದು, ಅದಕ್ಕೆ ಸಿಕ್ಕಿಸಿದ ಕೇಬಲ್ ಮೂಲಕ ಥ್ರಾಟಲ್ (ಇಂಜಿನ್‌ಗೆ ಗಾಳಿ ಬಿಡುವ ಕವಾಟ) ತೆರೆಯುತ್ತದೆ. ತಮಾಷೆ ಏನಂದರೆ, ಏರಿನಲ್ಲಿ ಥ್ರಾಟಲ್ ಜಾಸ್ತಿ ತೆರೆದಷ್ಟೂ ಸೆಳೆತ ಕಡಿಮೆಯಾಗುತ್ತದೆ. ಆಗ ಕೂಡಿಟ್ಟ ವ್ಯಾಕ್ಯೂಮ್ ಕೈ ಹಿಡಿಯಬೇಕು, ಪೈಪ್ ಸೀಳಿದ್ದರೆ ಅದು ಉಳಿದಿರುವುದೇ ಇಲ್ಲ.

ಇಂಜಿನ್ ಆಫ್ ಮಾಡಿ, ಸರ್ವೋಗೆ ಹೋಗುವ ಸಣ್ಣ ಪೈಪನ್ನು ಬಗ್ಗಿಸಿ ನೋಡಿ. ಬಿರುಕು ಹೆಚ್ಚಾಗಿ ತುದಿಗಳಲ್ಲೇ ಇರುತ್ತದೆ. ದಾರಿಯಲ್ಲಿರುವ ಒನ್‌ವೇ ವಾಲ್ವ್ ಬಿಚ್ಚಿ ಊದಿ, ಎರಡೂ ಕಡೆಯಿಂದ ಗಾಳಿ ಹೋದರೆ ಅದು ಕೆಟ್ಟಿದೆ. ಇವೆರಡೂ ಅಗ್ಗ, ಸುಮ್ನೆ ಸರ್ವೋಗೇ ದುಡ್ಡು ಸುರಿಯಬೇಡಿ.

ಕ್ರೂಸ್ ಸೆಟ್ಟೇ ಆಗದಿದ್ದರೆ ಕಥೆ ಬೇರೆ, ಆಗ ಬ್ರೇಕ್ ಪೆಡಲ್ ಸ್ವಿಚ್ ನೋಡಿ. ಹಿಂದಿನ ದೀಪ ಉರಿದರೂ ಅದರೊಳಗೆ ಕ್ರೂಸ್‌ಗಿರುವ ಬೇರೆ ಸಂಪರ್ಕ ಕೆಟ್ಟಿರಬಹುದು. ಜೊತೆಗೆ ಹಾರ್ನೂ ಸತ್ತು ಏರ್‌ಬ್ಯಾಗ್ ದೀಪ ಉರಿಯುತ್ತಿದ್ದರೆ, ಸ್ಟೀರಿಂಗ್ ಒಳಗಿನ ಸುರುಳಿ ವೈರ್, ಅಂದರೆ ಕ್ಲಾಕ್‌ಸ್ಪ್ರಿಂಗ್, ತುಂಡಾಗಿರಬೇಕು. ಅದನ್ನು ಮಾತ್ರ ಮೆಕ್ಯಾನಿಕ್‌ಗೆ ಬಿಡಿ, ಏರ್‌ಬ್ಯಾಗ್ ಬಿಚ್ಚಬೇಕಾಗುತ್ತದೆ.