ಸಿನಿಮಾ ಮೇಷ್ಟ್ರಿಗೆ ಒಬ್ಬನೇ ಶಿಷ್ಯ

ಸಿನಿಮಾದಲ್ಲಿ, ಸೀರಿಯಲ್‌ನಲ್ಲಿ ತೋರಿಸುವ ಮೇಷ್ಟ್ರ ಕೆಲಸ ನಿಜಕ್ಕೆ ಹತ್ತಿರ ಇದೆಯಾ ಅಂತ ಕೇಳಿದ್ದೀರಿ. ನಾನು ಸಕಲೇಶಪುರದ ಕಡೆ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ 14 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಉತ್ತರದಲ್ಲಿ ಸ್ವಲ್ಪ ಹೊಟ್ಟೆಯುರಿ ಕಂಡರೆ ಕ್ಷಮಿಸಿ.

ಮೇಷ್ಟ್ರು ಅಂದ ತಕ್ಷಣ ನಮ್ಮವರಿಗೆ ನೆನಪಾಗುವುದು 1972ರ 'ನಾಗರಹಾವು' ಚಿತ್ರದ ಚಾಮಯ್ಯ ಮೇಷ್ಟ್ರು, ಅಲ್ವಾ? ಆ ಪಾತ್ರದಲ್ಲಿ ಕೆ.ಎಸ್. ಅಶ್ವಥ್ ಅವರನ್ನು ಈಗ ನೋಡಿದರೂ ನನಗೆ ಗಂಟಲು ಕಟ್ಟುತ್ತದೆ. ಆದರೆ ಕೆಲಸಕ್ಕೆ ಸೇರಿದ ಮೇಲೆ ನೋಡುವಾಗ ಬೇರೇನೋ ಹೊಳೆಯಿತು. ಆ ಮೇಷ್ಟ್ರ ಚಿಂತೆಯೆಲ್ಲ ಒಬ್ಬ ಶಿಷ್ಯ ರಾಮಾಚಾರಿಯದ್ದೇ. ಮಿಕ್ಕ ಹುಡುಗರ ಕಥೆ ಏನಾಯಿತು? ಸಿನಿಮಾಕ್ಕೆ ಒಬ್ಬ ಸಾಕು, ಅದೇನೂ ತಪ್ಪಲ್ಲ ಬಿಡಿ. ಇನ್ನು ಕಾಮಿಡಿಗೆ ಅಂತ ತರುವ, ಕನ್ನಡಕ ಜಾರಿದ ಪೆದ್ದು ಮೇಷ್ಟ್ರ ಬಗ್ಗೆ ಮಾತೇ ಬೇಡ.

ನನ್ನದು ನಲಿ-ಕಲಿ ಕೋಣೆ, ಅಂದರೆ ಮಕ್ಕಳು ಆಟ, ಹಾಡು, ಕಲಿಕೆಯ ಕಾರ್ಡುಗಳ ಜೊತೆ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಒಂದು, ಎರಡು, ಮೂರನೇ ತರಗತಿ ಎಲ್ಲ ಒಟ್ಟಿಗೆ, 19 ಮಕ್ಕಳು, ಒಬ್ಬೊಬ್ಬರೂ ಕಲಿಕಾ ಏಣಿಯ (ಪಾಠಗಳನ್ನು ಮೆಟ್ಟಿಲಂತೆ ಜೋಡಿಸಿದ ಪಟ್ಟಿ) ಒಂದೊಂದು ಮೆಟ್ಟಿಲಲ್ಲಿ. ಅರ್ಧ ಜನ ಎಸ್ಟೇಟ್ ಕೂಲಿಯವರ ಲೈನ್ ಮನೆಗಳವರು, ಕಾಫಿ ಕೊಯ್ಲಿಗೆ ಅಪ್ಪ ಅಮ್ಮನ ಜೊತೆ ಬರುತ್ತಾರೆ, ಕೊಯ್ಲು ಮುಗಿದರೆ ಹೇಳದೆ ಹೋಗಿಬಿಡುತ್ತಾರೆ. ಒಬ್ಬಳ ಕೈ ಹಿಡಿದು ತಿದ್ದಿಸುತ್ತಾ ಕೂತರೆ ಆ ಕಡೆ ಇಬ್ಬರು ಕಾರ್ಡಿಗೆ ಹೊಡೆದಾಡುತ್ತಿರುತ್ತಾರೆ, ಅಷ್ಟರಲ್ಲಿ ಫೋನು: ಇವತ್ತು ಬಿಸಿಯೂಟಕ್ಕೆ ಎಷ್ಟು ಮಕ್ಕಳು, ಎಷ್ಟು ಜನ ಮೊಟ್ಟೆ, ಎಷ್ಟು ಜನ ಬಾಳೆಹಣ್ಣು, ಬೇಗ ಲೆಕ್ಕ ಕಳಿಸಿ ಸರ್. 2025ರ ದಸರಾ ರಜೆಯಲ್ಲಿ ರಾಜ್ಯ ಸರ್ಕಾರದ ಜಾತಿ ಸಮೀಕ್ಷೆಗೆ ಮನೆ ಮನೆ ಸುತ್ತಿದ್ದೂ ನಾವೇ. ಓಟಿಪಿ ಬರಲಿ ಅಂತ ಮೊಬೈಲ್ ಎತ್ತಿಕೊಂಡು ಕಾಫಿ ತೋಟದಲ್ಲಿ ನೆಟ್‌ವರ್ಕ್ ಹುಡುಕುವ ಮೇಷ್ಟ್ರನ್ನು ಯಾವ ಸಿನಿಮಾದಲ್ಲೂ ನೋಡಿಲ್ಲ ನಾನು. ಒಳ್ಳೇ ಕಾಮಿಡಿ ಸೀನ್ ಆಗುತ್ತಿತ್ತು!

ಸಿನಿಮಾದಂಥ ಗಳಿಗೆ ಬರುವುದೇ ಇಲ್ಲ ಅಂತಲ್ಲ. ನಲಿ-ಕಲಿಯಲ್ಲಿ ಮೊದಲು ಕಲಿಸುವುದು ರ, ಗ, ಸ, ದ, ಅ. ಹೋದ ವರ್ಷ ಅಸ್ಸಾಂ ಕಡೆಯ ಒಬ್ಬ ಹುಡುಗಿ ಎರಡು ತಿಂಗಳು ಬಾಯೇ ಬಿಟ್ಟಿರಲಿಲ್ಲ. ಒಂದು ದಿನ ನಾನು ಅಡುಗೆ ಕೋಣೆಯಲ್ಲಿ ಮೊಟ್ಟೆ ಎಣಿಸುತ್ತಿದ್ದೆ. ಮೂರನೇ ತರಗತಿಯ ಹುಡುಗನೊಬ್ಬ ಓಡಿ ಬಂದ. "ಸಾರ್, ಅವ್ಳು ಗರಗಸ ಅಂತ ಬರ್ದು ಓದಿದ್ಳು!" ಎಣಿಕೆ ಬಿಟ್ಟು ಓಡಿದೆ. ಅಷ್ಟರಲ್ಲಿ ಅವಳು ಸ್ಲೇಟು ಒರೆಸಿಬಿಟ್ಟಿದ್ದಳು.