ಬೆನ್ನು ಬಿಟ್ಟ ಪುಸ್ತಕ

ಮುಂಬಯಿ ಬಳಿಯ ಡೊಂಬಿವಲಿಯ ಓದುಗಿಯೊಬ್ಬರು ಈಚೆಗೆ ಓದಿದ ಮೂರು ಪುಸ್ತಕಗಳ ಬಗ್ಗೆ ಬರೆದಿದ್ದಾರೆ. ಕಾದಂಬರಿ ಎಳೆದಂತಾಯಿತು. ಕವಿತೆಯ ಸಾಲುಗಳು ಎಲ್ಲೆಂದರಲ್ಲಿ ಮುರಿದಿವೆ. ಪ್ರವಾಸಕಥನ ಸೊಗಸಾಗಿದೆ, ಫೋಟೋ ಪುಟಗಳು ಮಾತ್ರ ಕಿತ್ತು ಬಂದವು, “ಅದೇನು ದೊಡ್ಡದಲ್ಲ ಬಿಡಿ, ಹೂರಣ ಮುಖ್ಯ.”

ಸಂಪಾದಕರ ಉತ್ತರ: ಹೂರಣ ಮುಖ್ಯ, ಒಪ್ಪಿದೆ. ಆದರೆ ಇಷ್ಟು ಸೂಕ್ಷ್ಮವಾಗಿ ಓದುವ ನೀವು ಆ ಕೊನೆಯ ದೂರನ್ನು ಹಾಗೆ ಬಿಟ್ಟುಕೊಡಬಾರದಿತ್ತು. ಉಳಿದೆರಡು ದೂರುಗಳಿಗೂ ಅಚ್ಚಿನ ಕೆಲಸವೇ ಕಾರಣವಿರಬಹುದು.

ಕನ್ನಡಕ್ಕೆ ಸಾಲಿನ ಕೆಳಗೂ ಜಾಗ ಬೇಕು. ೧೨ ಪಾಯಿಂಟಿನ (ಪಾಯಿಂಟ್ ಅಚ್ಚಿನ ಅಳತೆ) ಅಕ್ಷರವನ್ನು ಸಾಲಿನಿಂದ ಸಾಲಿಗೆ ೧೪ ಪಾಯಿಂಟ್ ಅಂತರದಲ್ಲಿ ಕೂರಿಸಿದರೆ ‘ರಾಷ್ಟ್ರ’ದ ಒತ್ತುಗಳು ಕೆಳಸಾಲಿನ ‘ಕಿ’ಯ ಗುಡಿಸಿಗೆ ತಾಗುತ್ತವೆ. ಕಣ್ಣು ಸಾಲು ತಪ್ಪುತ್ತದೆ, ಓದು ತೆವಳುತ್ತದೆ, ಬೈಗುಳ ಲೇಖಕರಿಗೆ. ಅಂತರ ೧೬ಕ್ಕೆ ಏರಿಸಿದರೆ ೩೨೦ ಪುಟದ ಕಾದಂಬರಿ ಸುಮಾರು ೩೬೬ ಆಗುತ್ತದೆ. ೧೬ ಪುಟದ ಮೂರು ಫಾರ್ಮು (ಒಂದೇ ಹಾಳೆಯನ್ನು ಮಡಿಸಿದ ಕಟ್ಟು) ಹೆಚ್ಚು, ಅಷ್ಟೇ. ಕವಿತೆಯಲ್ಲಿ, ಅಗಲ ಸಾಲದೆ ಕೆಳಗಿಳಿದ ತುಂಡನ್ನು ಒಳಕ್ಕೆ ಸರಿಸದಿದ್ದರೆ ಅದು ಹೊಸ ಸಾಲಿನಂತೆಯೇ ಕಾಣುತ್ತದೆ. ಮುರಿದದ್ದು ಕವಿಯೋ, ಪುಟ ಜೋಡಿಸಿದ ಡಿಟಿಪಿಯವರೋ?

ಇನ್ನು ಬೈಂಡಿಂಗ್. ಮಡಿಸಿದ ಫಾರ್ಮುಗಳ ಬೆನ್ನನ್ನು ಎರಡು ಮೂರು ಮಿಲಿಮೀಟರ್ ಕತ್ತರಿಸಿ, ಒರಟು ಮಾಡಿ, ಬಿಸಿ ಗೋಂದು ಹಚ್ಚಿದರೆ ಪ್ರತಿ ಹಾಳೆಯೂ ಒಂಟಿ. ಲೇಪನವಿಲ್ಲದ ಮ್ಯಾಪ್‌ಲಿತೋ ಕಾಗದದ ನಾರಿಗೆ ಗೋಂದು ಹಿಡಿಯುತ್ತದೆ. ನುಣುಪು ಲೇಪನದ ಆರ್ಟ್ ಪೇಪರಿಗೆ ಸರಿಯಾಗಿ ಹಿಡಿಯದು. ನಿಮ್ಮ ಫೋಟೋ ಪುಟಗಳೇ ಮೊದಲು ಬಿದ್ದದ್ದು ಅದಕ್ಕೇ. ಮುಂಬಯಿಯ ಮಳೆಗಾಲದಲ್ಲಿ ಕಾಗದ ತೇವ ಹೀರಿ, ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ. ನಾರು ಬೆನ್ನಿನುದ್ದಕ್ಕೆ ಓಡದಿದ್ದರೆ ಹಾಳೆ ಅಲೆಯೆದ್ದು ಗೋಂದನ್ನೇ ಎಳೆಯುತ್ತದೆ. ದಾರದಿಂದ ಹೊಲಿದದ್ದಾದರೆ ಪ್ರತಿ ಫಾರ್ಮಿನ ನಡುಮಡಿಕೆಯಲ್ಲಿ, ಅಂದರೆ ೮–೯, ೨೪–೨೫ನೇ ಪುಟಗಳ ನಡುವೆ ದಾರ ಕಾಣಬೇಕು. ನೋಡಿ.

ಹೊಲಿಗೆಗೆ ಖರ್ಚು ಹೆಚ್ಚೆನ್ನುವ ಪ್ರಕಾಶಕರ ಕಷ್ಟವೂ ಸುಳ್ಳಲ್ಲ. ಆದರೆ ಅಂಗಡಿಯಲ್ಲಿ ಬಿಡಿಸಿ ನೋಡಿ ಕೊಳ್ಳುವ ಭಾಗ್ಯ ಹೊರನಾಡಿನವರಿಗೆಲ್ಲಿ? ಅಂಚೆಯಲ್ಲಿ ತರಿಸಿದ, ಊರಿಂದ ಹೊತ್ತು ತಂದ ಒಂದೇ ಪ್ರತಿ ಡೊಂಬಿವಲಿಯಿಂದ ಭಾಂಡುಪಿಗೆ, ಅಲ್ಲಿಂದ ಮಾಟುಂಗಕ್ಕೆ, ಲೋಕಲ್ ರೈಲಿನಲ್ಲಿ ಒಂದೇ ಕೈಯಲ್ಲಿ ಹಿಡಿದು ಹತ್ತು ಜನ ಓದುವಂಥದ್ದು. ಅದು ತಾಳಬೇಡವೇ? ವಿಮರ್ಶಕರು ಮುಖಪುಟ ಹೊಗಳುತ್ತಾರೆ, ಹೊಲಿಗೆಯ ಬಗ್ಗೆ ತುಟಿ ಬಿಚ್ಚುವುದಿಲ್ಲ. ಮುಂದಿನ ಸಲ ನೀವು ಬರೆಯಿರಿ, ಬರೆದದ್ದರ ಒಂದು ಪ್ರತಿ ಪ್ರಕಾಶಕರಿಗೂ ಕಳಿಸಿ.

ಕಿತ್ತ ಪುಟಗಳಿಗೆ ಸೆಲೋಟೇಪ್ ಬೇಡ. ಹಳದಿಯಾಗಿ ಅಂಟು ಉಳಿಸುತ್ತದೆ. ಒಳಅಂಚಿಗೆ ಎರಡು ಮಿಲಿಮೀಟರ್ ಬಿಳಿ ಫೆವಿಕಾಲ್ ತೆಳುವಾಗಿ ಸವರಿ, ಬೆನ್ನಿಗೆ ಒತ್ತಿ ಕೂರಿಸಿ, ಎರಡೂ ಬದಿಗೆ ಪ್ಲಾಸ್ಟಿಕ್ ಹಾಳೆಯಿಟ್ಟು ಮೇಲೆ ಭಾರ ಹೇರಿ. ಈ ಮಳೆಯಲ್ಲಿ ಒಂದು ರಾತ್ರಿ ಸಾಲದು, ಎರಡು ರಾತ್ರಿ ಬಿಡಿ.