ದುಬೈ ಕೆಲಸಕ್ಕೆ ಸರ್ಟಿಫಿಕೇಟ್ ಅಪೊಸ್ಟೀಲ್ ಮಾಡಿಸಬೇಕು. ನೋಟರಿ ಮಾಡಿಸಿದ ಜೆರಾಕ್ಸ್ ರೆಡಿ ಇದೆ. ಕೊಪ್ಪಳ ಕಡೆ ಒಳ್ಳೆ ಏಜೆಂಟ್ ಯಾರು?

ಏಜೆಂಟ್ ಮಾತು ಆಮೇಲೆ. ಅಪೊಸ್ಟೀಲ್ ಅಂದ್ರೆ ಕಾಗದದ ಮೇಲಿನ ಸಹಿ, ಸೀಲ್ ಅಸಲಿ ಅಂತ ನಮ್ಮ ವಿದೇಶಾಂಗ ಸಚಿವಾಲಯ ಅಂಟಿಸೋ ಸ್ಟಿಕ್ಕರ್. ದುಬೈಗೆ ಅದನ್ನ ಯಾಕೆ ಮಾಡಿಸ್ತೀರಿ? 2018ರಲ್ಲಿ ನಾನೂ ಅದನ್ನೇ ಮಾಡಿಸಿ ಕೆಲಸ ಕಳ್ಕೊಂಡೆ.

ನಂದು ಮೆಕ್ಯಾನಿಕಲ್ ಡಿಪ್ಲೊಮಾ, ಆಗ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಕೆಲಸ. ನಮ್ಮ ಓಣಿಯ ಗೆಳೆಯ ಮಸ್ಕತ್‌ನಲ್ಲಿದ್ದ. ರಜೆಗೆ ಬಂದವನು ತನ್ನ ಸರ್ಟಿಫಿಕೇಟ್ ತಿರುವಿ, ಬೆನ್ನಿಗೆ ಅಂಟಿಸಿದ್ದ ಚೌಕದ ಸ್ಟಿಕ್ಕರ್ ತೋರಿಸಿದ. ‘ಇದೊಂದಿದ್ರ ಸಾಕಲೇ, ಗಲ್ಫಿನಾಗ ಯಾರೂ ಏನೂ ಕೇಳಂಗಿಲ್ಲ’ ಅಂದ. ನಂಬಿದೆ. ಹೊಸಪೇಟೆಯಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಏಜೆಂಟನಿಗೆ 6,000 ರೂಪಾಯಿ ಎಣಿಸಿದೆ. ಅಪೊಸ್ಟೀಲ್‌ಗೆ ಸರ್ಕಾರದ ಶುಲ್ಕ 50 ರೂಪಾಯಿ ಅಂತ ಗೊತ್ತಾಗಿದ್ದು ಆಮೇಲೆ. ಅದು ಬಿಡಿ.

ಸರ್ಟಿಫಿಕೇಟ್ ಕೊರಿಯರ್ ಮಾಡಿದ ಮೇಲೆ ದುಬೈ ಕಂಪನಿಯಿಂದ ಫೋನ್: ‘ಎಂಬೆಸಿ ಸೀಲ್ ಎಲ್ಲಿ?’

ತಪ್ಪು ಇಷ್ಟೇ. ಅಪೊಸ್ಟೀಲ್ ಅನ್ನೋದು 1961ರ ಹೇಗ್ ಒಪ್ಪಂದದ ಚೀಟಿ. ನಮ್ಮ ದೇಶದಲ್ಲಿ ಅದು ಜಾರಿಗೆ ಬಂದಿದ್ದು 2005ರಲ್ಲಿ. ಒಪ್ಪಂದದಲ್ಲಿರುವ ದೇಶಗಳ ನಡುವೆ ಮಾತ್ರ ಅದು ನಡೆಯೋದು. ಮಸ್ಕತ್ ಇರೋ ಓಮನ್ 2012ರಿಂದ ಅದರಲ್ಲಿದೆ. ದುಬೈ ಇರೋ ಯುಎಇ ಇಲ್ಲ. ಮಸ್ಕತ್‌ನಿಂದ ದುಬೈಗೆ ಕಾರಲ್ಲೇ ಹೋಗಬಹುದು, ಆದ್ರೆ ಆ ಸ್ಟಿಕ್ಕರ್ ಗಡಿ ದಾಟಲ್ಲ. ನಾನು ದೇಶ ನೋಡಲಿಲ್ಲ, ‘ಗಲ್ಫ್’ ಅಂತ ನೋಡಿದೆ. ಪಟ್ಟಿಯಲ್ಲಿ ಹೆಸರಿದ್ದರೂ ಸಾಲಲ್ಲ ಕಣ್ರೀ. ಜರ್ಮನಿಯೂ ಸದಸ್ಯ, ನಾವೂ ಸದಸ್ಯರು, ಆದ್ರೂ ನಾವು ಸೇರಿದ್ದಕ್ಕೆ ಅವರ ಆಕ್ಷೇಪ ಇರೋದರಿಂದ ನಮ್ಮಿಬ್ಬರ ನಡುವೆ ಅಪೊಸ್ಟೀಲ್ ನಡೆಯಲ್ಲ.

ದುಬೈ ದಾರಿ ಬೇರೆ. ಮೊದಲು ರಾಜ್ಯದ ಶಿಕ್ಷಣ ಇಲಾಖೆ ಸೀಲ್, ಆಮೇಲೆ ವಿದೇಶಾಂಗ ಸಚಿವಾಲಯದ ಮಾಮೂಲಿ ಅಟೆಸ್ಟೇಷನ್ ಅಂದ್ರೆ ದೃಢೀಕರಣ (ಅಪೊಸ್ಟೀಲ್ ಅಲ್ಲ), ಆಮೇಲೆ ಯುಎಇ ಎಂಬೆಸಿ, ಕೊನೆಗೆ ಅಲ್ಲಿನ ವಿದೇಶಾಂಗ ಸಚಿವಾಲಯ. ನನ್ನ ಸರ್ಟಿಫಿಕೇಟ್ ವಾಪಸ್ ಬಂದು ಇಷ್ಟೆಲ್ಲ ಸುತ್ತೋದರೊಳಗೆ ಆ ಕೆಲಸಕ್ಕೆ ಬೇರೆಯವನು ಸೇರಿಯಾಗಿತ್ತು.

‘ನೋಟರಿ ಮಾಡಿಸಿದ ಜೆರಾಕ್ಸ್ ರೆಡಿ ಇದೆ’ ಅಂತಾನೂ ಬರೆದಿದ್ದೀರಿ. ಅದನ್ನ ಮನೆಯಲ್ಲೇ ಇಟ್ಕೊಳ್ಳಿ. ಕೆಲಸದ ವೀಸಾಕ್ಕೆ ಒರಿಜಿನಲ್ಲೇ ಹೋಗಬೇಕು. ಏಜೆಂಟ್ ಯಾರಾದ್ರೂ ಆಗಲಿ, ‘ಯಾವ ದೇಶಕ್ಕೆ’ ಅಂತ ಮೊದಲು ಕೇಳದವನ ಕೈಗೆ ಅದನ್ನ ಕೊಡಬೇಡಿ. ನನ್ನವನು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಅಂದಹಾಗೆ, ಒರಿಜಿನಲ್‌ಗೆ ಲ್ಯಾಮಿನೇಷನ್ ಮಾಡಿಸಿಲ್ಲ ತಾನೇ? ಸೀಲ್ ಕೂರೋದು ಕಾಗದದ ಮೇಲೆ.